ಏಳು ನಕ್ಷತ್ರನೌಕೆಗಳ ನಾಮಕರಣ

ಆಕಾಶದಲ್ಲಿ ಹಡಗು ಓಡಿಸುವ ಕಥೆಗಾರರ ಮೇಲೆ ಕೋಲಾರದ ಚಂದ್ರಮೋಹನ್ ಅವರಿಗೆ ಒಂದೇ ಒಂದು ಸಿಟ್ಟಿತ್ತು. ಹಡಗು ಭೂಮಿಯಿಂದ ಹೊರಡುತ್ತದೆ, ಶನಿಗ್ರಹವನ್ನು ದಾಟುತ್ತದೆ, ಯಾವುದೋ ನಕ್ಷತ್ರದ ಪಕ್ಕದಲ್ಲಿ ನಿಲ್ಲಿಸಿ ಇಳಿದು ಯುದ್ಧ ಮಾಡುತ್ತಾರೆ. ಎಲ್ಲಾ ಸರಿ, ಆದರೆ ಆರ್‌ಸಿ ಎಲ್ಲಿ? ಇನ್ಶೂರೆನ್ಸ್ ಎಲ್ಲಿ? ನಂಬರ್ ಬೋರ್ಡೇ ಇಲ್ಲದ ಗಾಡಿಯನ್ನು ಅಷ್ಟು ದೂರ ಹೇಗ್ರೀ ಬಿಟ್ಟರು?

ಸಿಟ್ಟು ಬರದೆ ಇರುತ್ತದೆಯೇ? ಇಪ್ಪತ್ತೆರಡು ವರ್ಷಗಳಿಂದ ಅವರು ಗಾಡಿಗಳ ಕಾಗದಪತ್ರ ಮಾಡಿಸಿಕೊಡುವ ಏಜೆಂಟು. ಕೋಲಾರ ತಾಲ್ಲೂಕಿನ ಅರ್ಧ ಟ್ರ್ಯಾಕ್ಟರುಗಳು ಅವರ ಕೈಯಿಂದಲೇ ನಂಬರು ಪಡೆದು ರಸ್ತೆಗೆ ಇಳಿದಿವೆ. (ಅರ್ಧ ಎನ್ನುವುದು ಅವರ ಮಾತು. ಹೆಂಡತಿಯ ಪ್ರಕಾರ ಹೋಳೂರಿನ ಕಡೆಯ ನಾಲ್ಕು.) ಅಂಥವರು ಒಂದು ದಿನ ತಡೆಯಲಾರದೆ ತಾವೇ ಕಾದಂಬರಿ ಬರೆಯಲು ಕೂತುಬಿಟ್ಟರು. ಅದರಲ್ಲಿ ಒಂದೊಂದು ನೌಕೆಗೂ ಕ್ರಮಬದ್ಧ ನೋಂದಣಿ. ಸ್ವಂತದ್ದಕ್ಕೆ ಬಿಳಿ ಬೋರ್ಡು, ಬಾಡಿಗೆಗೆ ಓಡುವುದಕ್ಕೆ ಹಳದಿ ಬೋರ್ಡು, ಮಿಲಿಟರಿ ನೌಕೆಗೆ ನಂಬರಿನ ಜೊತೆಗೆ ಮೇಲ್ಮುಖವಾದ ಬಾಣದ ಗುರುತು. ನಕ್ಷತ್ರಲೋಕದ ಗಡಿಯಲ್ಲಿ ಒಂದು ಚೆಕ್‌ಪೋಸ್ಟು. ಅಲ್ಲಿ ಟಾರ್ಪಾಲು ಎತ್ತಿ ಇಣುಕಿ ನೋಡುವ ಮೂರು ಕಣ್ಣಿನ ಅಧಿಕಾರಿ.

ಬೆಂಗಳೂರಿನ ಮಾಸಪತ್ರಿಕೆಯೊಂದು ಅವರು ಕಳಿಸಿದ್ದ ಸಾರಾಂಶವನ್ನು ಮೆಚ್ಚಿಬಿಟ್ಟಿತು! ಶುಕ್ರವಾರ ಬೆಳಗ್ಗೆ ಸಂಪಾದಕರೇ ಫೋನ್ ಮಾಡಿದರು.

"ಸಾರ್, ನಂಬರ್ ಪ್ಲೇಟು ಇರೋ ನಕ್ಷತ್ರನೌಕೇನ ನಾನು ಇದುವರೆಗೂ ಓದಿಲ್ಲ. ಆ ಯುದ್ಧದ ಅಧ್ಯಾಯ ಕಳಿಸಿ. ಏಳು ನೌಕೆಗೂ ಹೆಸರು, ನಂಬರು ಪಕ್ಕಾ ಮಾಡಿ. ಬಣ್ಣದ ಚಿತ್ರ ಬರೆಸಿ ಹಾಕ್ತೀವಿ. ಸೋಮವಾರ ಹನ್ನೊಂದು ಗಂಟೆಯೊಳಗೆ ಬರ್ಬೇಕು, ತಪ್ಪಿದ್ರೆ ಇನ್ನು ಮುಂದಿನ ವರ್ಷಾನೇ."

ಚಂದ್ರಮೋಹನ್ ಅವರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನಲವತ್ತೊಂಬತ್ತು ವರ್ಷಗಳ ಬಾಳಿನಲ್ಲಿ ಅವರು ಬರೆದದ್ದು ಅಚ್ಚಾಗಿದ್ದು ಒಂದೇ ಸಲ, 'ಒಳ್ಳೆಯ ಕಂಡೀಶನ್ನಿನ ಸ್ಕೂಟರ್ ಮಾರಾಟಕ್ಕಿದೆ' ಎಂದು. ಅಡುಗೆಮನೆಗೆ ಓಡಿದರು.

"ಲೇ ಸುನಂದಾ, ಅಚ್ಚಾಗುತ್ತೆ ಕಣೇ! ಬಣ್ಣದ ಚಿತ್ರ ಹಾಕ್ತಾರಂತೆ! ಏಳು ಹಡಗಿಗೂ ಹೆಸರು ಕೇಳಿದ್ದಾರೆ!"

ಆ ಕೊನೆಯ ಮಾತನ್ನು ಅವರು ನುಂಗಿಕೊಳ್ಳಬೇಕಿತ್ತು.

ಸುನಂದ ಸೌಟು ಕೆಳಗಿಟ್ಟಳು. "ಏನೇನ್ ಹೆಸರು ಇಟ್ಟಿದ್ದೀರಿ?"

"ಗಗನಗರುಡ, ವಜ್ರನಖ, ವ್ಯೋಮಕೇಸರಿ, ರಣಧೂಮ..."

"ಇವರೆಲ್ಲ ಯಾರ ಕಡೆಯವರು?"

"ಅಯ್ಯೋ, ಕಡೆಯವರಲ್ಲ ಕಣೇ, ಬರೀ ಹೆಸರುಗಳು!"

"ಅದನ್ನೇ ಕೇಳ್ತಿರೋದು. ಏಳು ಗಾಡಿ ಇಳಿಸ್ತಾ ಇದ್ದೀರಿ, ಮನೆಯವರದ್ದು ಅಂತ ಒಂದು ಹೆಸರೂ ಇಲ್ವಾ?"

ಸುನಂದಳ ತವರು ಆಂಧ್ರದ ಗಡಿಯಲ್ಲಿ, ಹೈವೇ ಮೇಲಿರುವ ನಂಗಲಿ. ಅಣ್ಣ ಉಮೇಶನಿಗೆ ಮೂರು ಲಾರಿಗಳಿವೆ, ಮೂರರ ಹಣೆಯ ಮೇಲೂ ಹೂವು, ನವಿಲು, ನಡುವೆ ಮನೆಯವರ ಹೆಸರು. ಅಮ್ಮನದ್ದು ಮೇಲೆ, ಹೆಂಡತಿಯದ್ದು ಕೆಳಗೆ, ಮಕ್ಕಳದ್ದು ಅಕ್ಕಪಕ್ಕ. ಆ ರಸ್ತೆಯಲ್ಲಿ ಹುಟ್ಟಿ ಬೆಳೆದವಳಿಗೆ, ಹಣೆ ಮೇಲೆ ಮನೆಯವರ ಹೆಸರಿಲ್ಲದ ಗಾಡಿ ಎಂದರೆ ಕದ್ದ ಗಾಡಿ. ಅದು ಹೈವೇಯಲ್ಲಿ ಓಡಲಿ, ಆಕಾಶಗಂಗೆಯಲ್ಲಿ ಓಡಲಿ.

ಸಂತೋಷದಲ್ಲಿರುವ ಗಂಡ ಧಾರಾಳಿಯಾಗಿರುತ್ತಾನೆ. "ಆಯ್ತಮ್ಮಾ, ಪ್ರಯಾಣಿಕರ ದೊಡ್ಡ ನೌಕೆ ಇದೆಯಲ್ಲ, ಅದಕ್ಕೆ ನಿನ್ನ ಹೆಸರೇ ಇಡ್ತೀನಿ" ಎಂದುಬಿಟ್ಟರು. ಸುನಂದ ದೋಸೆಯ ಮೇಲೆ ಇನ್ನೊಂದು ಚಮಚ ತುಪ್ಪ ಸುರಿದಳು. ಆಮೇಲೆ ಕೈ ಒರೆಸಿಕೊಂಡು ನಂಗಲಿಗೆ ಫೋನ್ ಮಾಡಿದಳು.

ಭಾನುವಾರ ಬೆಳಗ್ಗೆ ಎಂಟಕ್ಕೆ ಮನೆ ಮುಂದೆ ಲಾರಿ ನಿಂತಿತು. ಶ್ರೀನಿವಾಸಪುರದ ಮಾವಿನಹಣ್ಣಿನ ಬುಟ್ಟಿ ಹಿಡಿದು ಉಮೇಶ ಇಳಿದ. ಕ್ಯಾಬಿನ್ನಿನ ಬಾಗಿಲಿನಿಂದ ಅತ್ತೆ ಮುನಿಶಾಮಮ್ಮನವರು, ಸಾಕ್ಷಾತ್ ಸೇನಾಧಿಪತಿಯಂತೆ, ಒಂದೊಂದೇ ಮೆಟ್ಟಿಲು ಅಳೆದು ಇಳಿದರು. ಇತ್ತ ಜಗಲಿಯ ಮೇಲೆ ಚಂದ್ರಮೋಹನ್ ಅವರ ಸ್ವಂತ ತಾಯಿ ಗಂಗರತ್ನಮ್ಮನವರು ಆಗಲೇ ಗೋಡೆಗೆ ಒರಗಿ ಮುಖ ಊದಿಸಿಕೊಂಡು ಕೂತಿದ್ದರು.

"ಹೆತ್ತೋಳು ನಾನು. ಹಡಗು ಹೆಂಡ್ತಿಗಂತೆ" ಎಂದರು, ಯಾರನ್ನೂ ನೋಡದೆ.

"ಅಮ್ಮಾ, ನಿನಗೂ ಒಂದಿದೆಯಮ್ಮಾ! ಔಷಧಿ ಸಾಗಿಸೋ ನೌಕೆ!"

"ಅಳಿಯಂದ್ರೇ, ಮರಿ ನಾಕು?" ಎಂದರು ಮುನಿಶಾಮಮ್ಮ. ಅವರಿಗೆ ಖುಷಿಯಾದರೂ ಕೋಪ ಬಂದರೂ ತೆಲುಗೇ ಮೊದಲು ಬರುತ್ತದೆ. "ನನಗೇನು ಕೊಡ್ತೀರಿ? ಸೊಪ್ಪು ತರಕಾರಿ ಸಾಗಿಸೋದಾ?"

ಚಂದ್ರಮೋಹನ್ ಪಟ್ಟಿ ಬಿಡಿಸಿ ಉತ್ಸಾಹದಿಂದಲೇ ವಿವರಿಸಿದರು. ನಾಲ್ಕು ನೌಕೆ ನಾಗರಿಕರದ್ದು, ಮೂರು ಮಿಲಿಟರಿಯದ್ದು. ನಾಗರಿಕ ನೌಕೆ ಎಂದರೆ ಗ್ರಹಕ್ಕೊಂದು ತೆರಿಗೆ, ಟೋಲಿನಲ್ಲಿ ಸಾಲು, ಗಡಿಯಲ್ಲಿ ತಪಾಸಣೆ. ಮಿಲಿಟರಿ ನೌಕೆಗೆ ಬಾಣದ ಗುರುತು ಇರುವುದರಿಂದ ಅದನ್ನು ಯಾರೂ ಎಲ್ಲೂ ನಿಲ್ಲಿಸುವಂತಿಲ್ಲ.

ಉಮೇಶನ ಕೈಯಲ್ಲಿದ್ದ ಕಾಫಿ ಲೋಟ ಅರ್ಧದಲ್ಲೇ ನಿಂತಿತು. "ಭಾವಾ, ಟೋಲ್ ಇಲ್ವಾ?"

"ಇಲ್ಲ."

"ಚೆಕ್‌ಪೋಸ್ಟಲ್ಲಿ ಕಾಗದ ಕೇಳಲ್ವಾ?"

"ಕೇಳಲ್ಲ. ಸೆಲ್ಯೂಟ್ ಹೊಡೆದು ಬಿಡ್ತಾರೆ."

"ಹಾಗಾದ್ರೆ ನಂದು ಮಿಲಿಟರೀನೇ ಮಾಡಿ ಭಾವಾ! ನನ್ನ ಹೆಂಡ್ತಿ ರಜನೀದೂ, ಮಕ್ಕಳಿಬ್ಬರದ್ದೂ ಮಿಲಿಟರೀನೇ!" ಇಪ್ಪತ್ತು ವರ್ಷ ಲಾರಿ ಓಡಿಸಿದವನ ಕಣ್ಣು ತುಂಬಿ ಬಂದಿತ್ತು.

ಮಗ ಮಿಲಿಟರಿ ಎಂದಮೇಲೆ ತಾಯಿ ಬಿಡುತ್ತಾರೆಯೇ? ಮುನಿಶಾಮಮ್ಮನವರು ಮಿಲಿಟರಿ ಎಂದಮೇಲೆ ಗಂಗರತ್ನಮ್ಮನವರು ಔಷಧಿ ಡಬ್ಬ ಹೊತ್ತು ಹಿಂದೆ ಬರುತ್ತಾರೆಯೇ? ಸುನಂದ ಮಾತ್ರ ಹಳದಿ ಬೋರ್ಡು ಹಾಕಿಕೊಂಡು ಟೋಲಿನಲ್ಲಿ ನಿಲ್ಲಬೇಕೇ? ಒಂಬತ್ತೂವರೆಗೆ ಏಳಕ್ಕೆ ಏಳೂ ಯುದ್ಧನೌಕೆಗಳಾದವು. ನಂಬರು ಹಂಚುವಾಗ ಇನ್ನೊಂದು ಸುತ್ತು. ಕೂಡಿದರೆ ಎಂಟು ಬರಬಾರದು, ಕೊನೆಗೆ ಸೊನ್ನೆ ಇರಬಾರದು, ಬೀಗಿತ್ತಿಗಿಂತ ಹಿಂದಿನ ನಂಬರು ಸುತರಾಂ ಬೇಡ.

"ಪೂಜೆ ಯಾವಾಗ?" ಎಂದರು ಗಂಗರತ್ನಮ್ಮ. "ಚಕ್ರದಡಿ ನಿಂಬೆಹಣ್ಣು ಇಡದೆ ಗಾಡಿ ತೆಗೀಬಾರ್ದು."

"ಅಮ್ಮಾ, ಇದಕ್ಕೆ ಚಕ್ರಾನೇ ಇಲ್ಲಮ್ಮಾ."

"ಚಕ್ರ ಇಲ್ದೆ ನಂಬರು ಯಾರ್ ಕೊಟ್ಟರೋ ನಿಂಗೆ?"

ಇಪ್ಪತ್ತೆರಡು ವರ್ಷದ ಅನುಭವದ ಏಜೆಂಟರು ಅಧ್ಯಾಯದ ಮೊದಲ ಸಾಲಿನಲ್ಲೇ ಏಳು ನಿಂಬೆಹಣ್ಣುಗಳನ್ನು ಇಂಜಿನ್ನಿನ ಬಾಯಿಗೆ ಕಟ್ಟಿಸಿದರು.

ಮಧ್ಯಾಹ್ನ ಊಟವಾದ ಮೇಲೆ, ಹಳೆಯ ಹೆಸರುಗಳನ್ನೆಲ್ಲ ತೆಗೆದು ಹೊಸದನ್ನು ಸೇರಿಸಿ, ಎಲ್ಲರನ್ನೂ ಕೂರಿಸಿಕೊಂಡು ಗಟ್ಟಿಯಾಗಿ ಓದತೊಡಗಿದರು. ತಮ್ಮ ಬರಹವನ್ನು ಹೀಗೆ ಮನೆಮಂದಿಯೆಲ್ಲ ಕೂತು ಕೇಳುತ್ತಿರುವುದು ಇದೇ ಮೊದಲು. ಅವರ ದನಿ ತಾನಾಗಿ ಮೇಲೇರಿತು.

"'ಮುನಿಶಾಮಮ್ಮ ಬೆಂಕಿಯನ್ನು ಉಗುಳುತ್ತಾ ಮುನ್ನುಗ್ಗಿತು...'"

"ಅದು ನಿಜ" ಎಂದರು ಗಂಗರತ್ನಮ್ಮ.

"'ಗಂಗರತ್ನಮ್ಮನ ಹೊಟ್ಟೆಯೊಳಗೆ ನಾನೂರು ಸೈನಿಕರು ಉಸಿರು ಬಿಗಿಹಿಡಿದು ಕೂತಿದ್ದರು...'"

"ಪಾಪ, ಜಾಗ ಸಾಕಾಯ್ತೇನೋ" ಎಂದರು ಮುನಿಶಾಮಮ್ಮ.

"'ಅಷ್ಟರಲ್ಲಿ ಶತ್ರುವಿನ ಸಿಡಿಗುಂಡು ಬಂದು ಬಡಿಯಿತು. ಒಂದೇ ಏಟಿಗೆ ಮುನಿಶಾಮಮ್ಮ ಎರಡು ತುಂಡಾಗಿ...'"

ಉಮೇಶ ಗಾಬರಿಯಿಂದ ತಾಯಿಯ ಮುಖ ನೋಡಿದ.

"ಅಯ್ಯೋ ದೇವುಡಾ!" ಎಂದು ಮುನಿಶಾಮಮ್ಮ ಎದ್ದು ನಿಂತರು. "ಮಗಳನ್ನ ಕೊಟ್ಟ ತಪ್ಪಿಗೆ ನನ್ನ ಎರಡು ತುಂಡು ಮಾಡಿದ್ರಾ? ಉಮೇಶಾ, ಲಾರಿ ತೆಗಿಯೋ!"

"ಅತ್ತೇ, ಅದು ನೀವಲ್ಲ, ನೌಕೆ! ಒಂದಾದರೂ ಒಡೀಲೇಬೇಕು. ಒಡೀದಿದ್ರೆ ಅದೆಂಥಾ ಯುದ್ಧ?"

"ನಿಮ್ಮಮ್ಮಂದು ಒಡೀರಿ ಹಾಗಾದ್ರೆ!" ಎಂದಳು ಸುನಂದ.

"ಏನ್ಲಾ, ಕೂತು ಕೇಳ್ತಿದ್ದೀಯಾ?" ಎಂದರು ಗಂಗರತ್ನಮ್ಮ ಮಗನಿಗೆ.

"ಭಾವಾ, ರಜನೀದು ಒಡೆದುಬಿಡಿ, ಅವಳಿಲ್ಲಿಲ್ಲ" ಎಂದ ಉಮೇಶ. ಎರಡು ನಿಮಿಷ ಬಿಟ್ಟು, "ಬೇಡ ಭಾವಾ, ಪತ್ರಿಕೆ ನಂಗಲಿಗೂ ಬರುತ್ತೆ" ಎಂದ.

ಸುನಂದ ತವರಿಗೆ ಹೊರಡುತ್ತೇನೆಂದು ಅಟ್ಟದಿಂದ ಸೂಟ್‌ಕೇಸು ಇಳಿಸಿದಳು. ಸಂಜೆಯವರೆಗೂ ಸಂಧಾನ ನಡೆಯಿತು. ಸೋಮವಾರ ಬೆಳಗ್ಗೆ ಹತ್ತೂಕಾಲಾದರೂ ಯಾವ ನೌಕೆಗೂ ಗೀರು ಬೀಳಿಸಲು ಯಾರೂ ಒಪ್ಪಿರಲಿಲ್ಲ. ಏಳು ನೌಕೆಗಳು ಹೋದವು, ನಿಂತವು, ಬಂದವು. ಮಾಲೂರಿನಿಂದ ಬೆಂಗಳೂರಿಗೆ ದಿನಾ ರೈಲಿನಲ್ಲಿ ಹೋಗಿಬರುವವರೂ ಅದಕ್ಕಿಂತ ಹೆಚ್ಚು ಯುದ್ಧ ಮಾಡುತ್ತಾರೆ. ಚಂದ್ರಮೋಹನ್ ಅವರಿಗೆ ಅಳು ಬರುವಂತಾಯಿತು. ಬಣ್ಣದ ಚಿತ್ರ, ಅಚ್ಚಿನಲ್ಲಿ ತಮ್ಮ ಹೆಸರು, ಎಲ್ಲವೂ ಇನ್ನು ಮುಕ್ಕಾಲು ಗಂಟೆಯಲ್ಲಿ ಕೈತಪ್ಪಿಹೋಗುತ್ತಿತ್ತು.

"ಸರಿ, ಕೇಳಿ!" ಎಂದರು ಎದ್ದು ನಿಂತು, ಗಂಟಲು ಕಟ್ಟಿದ ದನಿಯಲ್ಲಿ. "ಎಂಟನೇದು ಒಂದು ಸೇರಿಸ್ತೀನಿ. ಸಣ್ಣ ಸರಕಿನ ನೌಕೆ, ಹಳದಿ ಬೋರ್ಡು. ಅದಕ್ಕೆ ನನ್ನ ಹೆಸರು. ಅದು ಸಿಡಿದು ಹೋಗ್ಲಿ!"

ಇಷ್ಟು ಹೇಳಿ ಅವರು ಸ್ವಲ್ಪ ಹೊತ್ತು ಕಾದರು. 'ಅಯ್ಯೋ ಬೇಡ, ಬಿಡ್ತು ಅನ್ನಿ' ಎಂದು ಯಾರಾದರೂ ಹೇಳುವುದಕ್ಕೆ ಬೇಕಾಗುವಷ್ಟು ಹೊತ್ತು. ಹೆಂಡತಿಯ ಮುಖ ನೋಡಿದರು, ಹೆತ್ತವಳ ಮುಖ ನೋಡಿದರು.

"ಅದೇ ಸರಿ" ಎಂದಳು ಸುನಂದ.

"ಮೊದಲೇ ಹೇಳಿದ್ರೆ ಇಷ್ಟೆಲ್ಲ ಇರ್ತಿತ್ತಾ?" ಎಂದರು ಗಂಗರತ್ನಮ್ಮ. ಮುನಿಶಾಮಮ್ಮ ಹೌದೆಂದು ತಲೆಯಾಡಿಸಿದರು. ಬೀಗಿತ್ತಿಯರಿಬ್ಬರೂ ಒಂದು ಮಾತಿಗೆ ಒಪ್ಪಿದ್ದು ಮದುವೆಯಾದಂದಿನಿಂದ ಅದೇ ಮೊದಲು. ಹತ್ತು ಐವತ್ತೈದಕ್ಕೆ ಅಧ್ಯಾಯ ಬೆಂಗಳೂರಿಗೆ ಹೋಯಿತು.

ಮುಂದಿನ ತಿಂಗಳು ಉಮೇಶ ನಂಗಲಿಯ ಟೀ ಅಂಗಡಿಗಳಲ್ಲಿ ಹಂಚಲೆಂದು ಐವತ್ತು ಪ್ರತಿ ಕೊಂಡು, ತಾಯಿಯನ್ನೂ ಹೆಂಡತಿ ಮಕ್ಕಳನ್ನೂ ಲಾರಿಯಲ್ಲಿ ಹತ್ತಿಸಿಕೊಂಡು ಬಂದ. ನಡುಮನೆಯಲ್ಲಿ ಚಾಪೆ ಹಾಸಿ, ಕುಂಕುಮ ಇಟ್ಟು, ಪುಟ ತೆರೆದರು. ಎರಡು ಪುಟದ ತುಂಬಾ ಬಣ್ಣದ ಚಿತ್ರ! ಕಪ್ಪು ಆಕಾಶ, ಕೆಂಪು ಬೆಂಕಿ, ನಡುವೆ ಧಗಧಗ ಉರಿಯುತ್ತಿರುವ ಹಳದಿ ಬೋರ್ಡಿನ ಒಂದೇ ಒಂದು ನೌಕೆ. ಅದರ ಹಣೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ 'ಚಂದ್ರಮೋಹನ್'. ಉಳಿದ ಏಳರ ಸುಳಿವೇ ಇಲ್ಲ. ಕೆಳಗೆ ಸಣ್ಣದಾಗಿ, 'ಸ್ಥಳಾಭಾವದಿಂದ ಸಂಕ್ಷೇಪಿಸಲಾಗಿದೆ.'

ಚಂದ್ರಮೋಹನ್ ಸಂಪಾದಕರಿಗೆ ಫೋನ್ ಹಚ್ಚಿದರು. "ಆ ಏಳು ನೌಕೆ ಏನೂ ಮಾಡೋದೇ ಇಲ್ವಲ್ಲ ಸಾರ್" ಎಂದರು ಆ ಕಡೆಯಿಂದ ಸಂಪಾದಕರು, ಸಂತೋಷದಿಂದ. "ಅದಕ್ಕೇ ತೆಗೆದ್ವಿ. ನಿಮ್ಮ ಹಳದಿ ಬೋರ್ಡು ಮಾತ್ರ ಅದ್ಭುತವಾಗಿ ಸಿಡಿದಿದೆ!"

ಇದನ್ನು ಹೇಳಿದರೆ ನಂಬುವವರು ಯಾರು?

"ನಮ್ಮನ್ನೆಲ್ಲ ಇಳಿಸಿ ತಾನೊಬ್ಬನೇ ಹೋಗಿದ್ದಾನೆ" ಎಂದರು ಗಂಗರತ್ನಮ್ಮ.

"ಏನು ತ್ಯಾಗ! ಏನು ಗಂಟಲು ಕಟ್ಟೋದು! ಎರಡು ಪುಟಾನೂ ತಮಗೇ ಇಟ್ಕೊಂಡಿದ್ದಾರೆ" ಎಂದಳು ಸುನಂದ. ಉಮೇಶ ಐವತ್ತು ಪ್ರತಿಗಳ ಕಟ್ಟನ್ನೇ ನೋಡುತ್ತಾ ಕೂತಿದ್ದ. ಲೇಖಕರು ಮೆಲ್ಲಗೆ ಎದ್ದು, ಯಾರೂ ಹೇಳದಿದ್ದರೂ ಎಲ್ಲರಿಗೂ ಕಾಫಿ ಮಾಡಲು ಅಡುಗೆಮನೆ ಸೇರಿದರು.

"ಅದರಲ್ಲಿ ಏನು ಬರೆದಿದೆಯೋ ಓದಮ್ಮಾ, ಕೇಳೋಣ" ಎಂಬ ಮುನಿಶಾಮಮ್ಮನವರ ದನಿ ಕೇಳಿಸಿತು. ಸುನಂದ ಓದಿದಳು. ಆದರೆ ಗಂಡನ ಹೆಸರನ್ನು ಬಾಯಲ್ಲಿ ಹೇಳುವ ವಾಡಿಕೆ ಅವಳಿಗಿಲ್ಲವಲ್ಲ!

"'ನಮ್ಮನೆಯವರು ಹೊಗೆ ಬಿಡುತ್ತಾ ಎಡಕ್ಕೆ ವಾಲಿದರು. ನಮ್ಮನೆಯವರ ಹಿಂಭಾಗಕ್ಕೆ ಬೆಂಕಿ ತಗುಲಿತು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ನಮ್ಮನೆಯವರು ಭಯಂಕರ ಶಬ್ದ ಮಾಡುತ್ತಾ ಸಿಡಿದು ಚೂರುಚೂರಾದರು.'"

ನಡುಮನೆಯಲ್ಲಿ ಯಾರೋ ಕಿಸಕ್ಕೆಂದರು.

"ಚಾಲಾ ಬಾಗುಂದಿ!" ಎಂದರು ಮುನಿಶಾಮಮ್ಮ, ಮನಸ್ಸು ತಣ್ಣಗಾದವರಂತೆ. "ಇನ್ನೊಂದ್ಸಲ ಓದಮ್ಮಾ."

"ಹೂಂ, ಆ ಚೂರುಚೂರಾಗೋದನ್ನ ಸ್ವಲ್ಪ ಗಟ್ಟಿಯಾಗಿ ಓದು" ಎಂದರು ಹೆತ್ತ ತಾಯಿ.

ಅಡುಗೆಮನೆಯಲ್ಲಿ ಡಿಕಾಕ್ಷನ್ ಇಳಿಯುವುದನ್ನು ಕಾಯುತ್ತಿದ್ದ ಲೇಖಕರು, ಏಳು ಲೋಟಕ್ಕೆ ಕಾಫಿ ಬೆರೆಸಿ ಮುಗಿಸುವಷ್ಟರಲ್ಲಿ ಇನ್ನೂ ಮೂರು ಸಲ ಸಿಡಿದರು.