ತಲೆಯ ಮೇಲೆ ಇಪ್ಪತ್ತನಾಲ್ಕು ಬಣ್ಣ

"ಈ ಮನೆಯಲ್ಲಿ ಶಿಸ್ತು ಅನ್ನೋದು ಉಳಿದಿದ್ರೆ ಅದು ನನ್ನಿಂದ!" ಎಂದು ಆ ಶನಿವಾರ ಎದೆ ತಟ್ಟಿ ಘೋಷಿಸಿದೆ. ಇಪ್ಪತ್ತೆರಡು ವರ್ಷ ಕಚೇರಿಯ ದಾಖಲೆ ಕೊಠಡಿಯನ್ನು ಆಳಿದ ಚಕ್ರವರ್ತಿ ನಾನು. ಹೆಂಡತಿಯ ಲಿಪ್‌ಸ್ಟಿಕ್ ಕಾರ್ಖಾನೆ, ಅಂದರೆ ನಮ್ಮ ಹಿಂದಿನ ಕೋಣೆ, ನನಗೊಂದು ಲೆಕ್ಕವೇ?

ನನ್ನವಳದು ಸೌಮ್ಯ ಬಣ್ಣಗಳಲ್ಲ. ಕಣ್ಣು ಕುಕ್ಕುವ ನೀಲಿ, ಹಸಿರು, ನೇರಳೆ! ಹೆಸರುಗಳೂ ಅಂಥವೇ: 'ಜಗಳಗಂಟಿ', 'ಮೊಂಡಾಟ', 'ನಾದಿನಿಯ ಹೊಟ್ಟೆಕಿಚ್ಚು'. ಅಂದು ನಾಲ್ಕು ಗಂಟೆಗೆ ಪೇಟೆಯ ದೊಡ್ಡ ಅಂಗಡಿಯ ಒಡತಿ ಮಾದರಿ ನೋಡಲು ಬರುವವರಿದ್ದರು. "ಇದೆಲ್ಲ ವಯಸ್ಸಿನ ಹುಡುಗಿಯರಿಗೆ ಸರಿ, ನಮ್ಮ ಗಿರಾಕಿಗಳಿಗೆ ನಲವತ್ತು ದಾಟಿದೆ" ಎಂದು ಫೋನಿನಲ್ಲೇ ಮೂಗು ಮುರಿದಿದ್ದರು. ಮೂರು ವರ್ಷ ಮೇಣ ಕರಗಿಸಿ ಬೆರಳು ಸುಟ್ಟುಕೊಂಡವಳಿಗೆ ಮೊದಲ ಅಂಗಡಿ ಸಿಗುವುದಿದ್ದರೆ ಅಂದೇ ಸಿಗಬೇಕಿತ್ತು.

"ಡಬ್ಬಿ ತರ್ತೀನಿ. ನೀವು ಏನೂ ಮುಟ್ಟಬೇಡಿ" ಎಂದು ಹೋದಳು.

ಮಾದರಿಗಳ ಟ್ರೇ ಮೇಲೆ ಧೂಳಿತ್ತು! ಇಪ್ಪತ್ತನಾಲ್ಕು ಲಿಪ್‌ಸ್ಟಿಕ್ ಕೊಳವೆಗಳನ್ನೂ ತೆಗೆದು, ಒರೆಸಿ, ಸೈನಿಕರಂತೆ ನಿಲ್ಲಿಸಿ, ಹೆಮ್ಮೆಯಿಂದ ಫೋನ್ ಮಾಡಿದೆ.

"ಅಯ್ಯೋ! ಇಟ್ಟಿದ್ದ ಸಾಲೇ ಕಣ್ರೀ ನನ್ನ ಗುರುತು! ಚೀಟಿ ಇನ್ನೂ ಅಂಟಿಸಿಲ್ಲ!"

"ನೋಡಿದ್ರೆ ಗೊತ್ತಾಗಲ್ವಾ?"

"ಗಟ್ಟಿಯಾದ್ಮೇಲೆ ಎಲ್ಲಾ ಕಪ್ಪಗೇ ಕಾಣೋದು. ಚರ್ಮಕ್ಕೆ ಹಚ್ಚಿದ್ರೇನೇ ಬಣ್ಣ ಬಿಡೋದು!"

ಚರ್ಮ ತಾನೆ? ನನ್ನದೇ ಇದೆಯಲ್ಲ! ಹಚ್ಚಿಟ್ಟರೆ ಹೆಸರು ಅವಳು ಹೇಳಿಯಾಳು. ಕೈಗೆ ಹಚ್ಚಿದೆ, ರೋಮದ ಕಾಡಿನಲ್ಲಿ ಬಣ್ಣ ನಾಪತ್ತೆ. ತುಟಿ ಎರಡಕ್ಕೇ ಮುಗಿಯಿತು. ಕೆನ್ನೆ, ಮೂಗು, ಗಲ್ಲ, ಹಣೆ ಭರ್ತಿಯಾದವು. ಉಳಿದದ್ದು ನನ್ನ ಬೋಳುತಲೆ ಎಂಬ ವಿಶಾಲ ಮೈದಾನ! ಕನ್ನಡಿ ಹಿಡಿದು ಪಟ್ಟೆ ಎಳೆದೆ. ಪ್ರತಿ ಪಟ್ಟೆಗೂ ಅದರ ಕೊಳವೆಗೂ ಪೆನ್ನಿನಲ್ಲಿ ಒಂದೇ ನಂಬರ್ ಬರೆದೆ. ದಾಖಲೆ ಎಂದರೆ ದಾಖಲೆ!

ಕೊನೆಯ ಪಟ್ಟೆ ಎಳೆಯುವಾಗ ಕರೆಗಂಟೆ ಹೊಡೆಯಿತು. ಹೆಂಡತಿಯೇ ಎಂದು ಬಾಗಿಲು ತೆರೆದರೆ ಅಂಗಡಿಯ ಒಡತಿ! ಅವರ ಹಿಂದೆ, ಡಬ್ಬಿಗಳ ಚೀಲ ಹಿಡಿದು ಕಲ್ಲಾಗಿ ನಿಂತಿದ್ದ ನನ್ನವಳು!

ಒಡತಿ ಒಂದು ಹೆಜ್ಜೆ ಹಿಂದೆ ಸರಿದರು. ಆಮೇಲೆ ಕನ್ನಡಕ ಏರಿಸಿ ಎರಡು ಹೆಜ್ಜೆ ಮುಂದೆ ಬಂದರು.

"ಸ್ವಲ್ಪ ಬಗ್ಗಿ."

ಬಗ್ಗಿದೆ. ಕರವಸ್ತ್ರದಿಂದ ನೆತ್ತಿ ಉಜ್ಜಿದರು. ಬಣ್ಣ ಜಗ್ಗಲಿಲ್ಲ.

"ಹದಿನೇಳು ಬೇಕು, ಒಂಬತ್ತು ಬೇಕು, ಆ ಕಿವಿ ಪಕ್ಕದ್ದು... ಬೇಡ ಬಿಡಿ, ಇಪ್ಪತ್ತನಾಲ್ಕನ್ನೂ ಕಳಿಸಿ!"

ನನ್ನವಳ ಕಣ್ಣು ತುಂಬಿತು. ನನ್ನದೂ! ಸಂಜೆ ಅವಳು ಒಂದು ಮಾತೂ ಬೈಯದೆ, ಹತ್ತಿಯನ್ನು ಎಣ್ಣೆಯಲ್ಲಿ ಅದ್ದಿ ನನ್ನ ತಲೆ ಒರೆಸುತ್ತ ಕೂತಳು. ಇಂಥವಳು ಸಿಕ್ಕಿದ್ದು ನನ್ನ ಪುಣ್ಯ ಎಂದು ಮನಸಾರೆ ಅನ್ನಿಸಿತು. ಆದರೆ ಬಾಯಿ ಸುಮ್ಮನಿರಬೇಕಲ್ಲ!

"ಒಪ್ಕೋ, ಆರ್ಡರ್ ಸಿಕ್ಕಿದ್ದು ನನ್ನ ಮುಖದಿಂದ!"

"ಖಂಡಿತ ಕಣ್ರೀ, ಈ ಉಪಕಾರ ಮರೆಯಲ್ಲ" ಎಂದಳು, ಮೂಗಿನ ಮೇಲಿನ ಹಸಿರನ್ನು ಮೆತ್ತಗೆ ತೆಗೆಯುತ್ತ. "ಹೋಗೋವಾಗ ಅವರೂ ಅದನ್ನೇ ಅಂದ್ರು: 'ಈ ಮುಖಕ್ಕೇ ಒಪ್ಪಿದ್ಮೇಲೆ ಇನ್ಯಾರಿಗಮ್ಮ ಒಪ್ಪಲ್ಲ!'"