ನನ್ನ ಗುಮಾಸ್ತನ ಕೈಗೆ ಕತ್ತಿ ಕೊಟ್ಟವರು

ಕತೆ ಓದಿದ ನನ್ನ ಎದುರಿಗೆ ಆ ಕತೆಯ ಚಿತ್ರ ನೋಡಿದವರು ಬಂದು ಕೂರುವುದು, ಕೂತು ನನಗೇ ಕತೆ ವಿವರಿಸುವುದು, ನನ್ನ ಬದುಕಿನಲ್ಲಿ ತಪ್ಪಿದ್ದೇ ಇಲ್ಲ. ಬಸ್ಸಿನಲ್ಲಿ, ಆಫೀಸಿನಲ್ಲಿ, ಮದುವೆ ಹಾಲಿನ ಊಟದ ಸಾಲಿನಲ್ಲಿ, ಎಲ್ಲಿ ಹೋದರೂ ಅಂಥವರು ಒಬ್ಬರು ಇದ್ದೇ ಇರುತ್ತಾರೆ.

ವಿಷಯ ಇಷ್ಟು. ನಾನು ಮಂಗಳೂರಿನ ಪಣಂಬೂರು ಬಂದರಿನಲ್ಲಿ ಒಬ್ಬ ಕ್ಲಿಯರಿಂಗ್ ಏಜೆಂಟರ ಆಫೀಸಿನಲ್ಲಿ ಕೆಲಸ ಮಾಡುವವಳು. ಹಡಗಿನಲ್ಲಿ ಬಂದ ಸರಕು ಏನು, ಯಾರದ್ದು, ಯಾಕೆ ಬಂತು ಎಂದು ಕಸ್ಟಮ್ಸಿನವರಿಗೆ ತೃಪ್ತಿಯಾಗುವವರೆಗೆ ಹೇಳುವುದು ನಮ್ಮ ಕೆಲಸ. ಶಕ್ತಿನಗರದಿಂದ ಬಸ್ಸು ಬದಲಿಸಿ ಹೋಗಿ ಬರುವ ಹೊತ್ತಿನಲ್ಲಿ ಮೊಬೈಲಿನಲ್ಲಿ ವೆಬ್ ಕಾದಂಬರಿ ಓದುವುದು ನನ್ನ ಚಟ. ಜಪಾನಿನಲ್ಲಿ ಯಾರೋ ಪುಣ್ಯಾತ್ಮರು ಕಂತು ಕಂತಾಗಿ ಬರೆದು ಇಂಟರ್ನೆಟ್ಟಿಗೆ ಹಾಕುತ್ತಾರೆ, ಇನ್ಯಾರೋ ಪುಣ್ಯಾತ್ಮರು ಅದನ್ನು ಇಂಗ್ಲಿಷಿಗೆ ತರುತ್ತಾರೆ, ನಾನು ಕೂಳೂರು ಸೇತುವೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಓದುತ್ತೇನೆ.

ಅದರಲ್ಲಿ ಒಂದು ಕಾದಂಬರಿ ಎಂದರೆ ನನಗೆ ಜೀವ. ಅದರ ನಾಯಕ ನನ್ನ ಹಾಗೆಯೇ ಬಂದರಿನ ಗುಮಾಸ್ತ. ಮೊದಲ ಅಧ್ಯಾಯದಲ್ಲೇ ಲಾರಿಯಡಿಗೆ ಬಿದ್ದು ಸಾಯುತ್ತಾನೆ. ಆ ಬಗೆಯ ಕತೆಗಳಲ್ಲಿ ಹೆಚ್ಚಿನವರು ಸಾಯುವುದೇ ಹಾಗೆ. ಆಮೇಲೆ ಡ್ರ್ಯಾಗನ್ನುಗಳೂ ಮಾಂತ್ರಿಕರೂ ಇರುವ ಬೇರೆ ಲೋಕದಲ್ಲಿ ಹುಟ್ಟಿ, ಅಲ್ಲಿಯೂ ಸುಂಕದ ಗೇಟಿನಲ್ಲಿ ಗುಮಾಸ್ತನಾಗಿಯೇ ಕೂರುತ್ತಾನೆ. ಅವನು ಕತ್ತಿ ಮುಟ್ಟುವುದಿಲ್ಲ. ಪ್ರಶ್ನೆ ಕೇಳುತ್ತಾನೆ, ಅಷ್ಟೆ. ಊರು ಸುಡಲು ಬಂದ ಡ್ರ್ಯಾಗನ್ನನ್ನು ಗೇಟಿನಲ್ಲಿ ನಿಲ್ಲಿಸಿ, "ಪೆಟ್ಟಿಗೆಯಲ್ಲಿ ಏನಿದೆ? ಸ್ವಂತಕ್ಕೋ, ಮಾರಾಟಕ್ಕೋ?" ಎಂದು ಕೇಳುತ್ತಲೇ ಹೋಗುವ ಒಂದು ದೊಡ್ಡ ಅಧ್ಯಾಯವಿದೆ. ಡ್ರ್ಯಾಗನ್ ಸಿಟ್ಟಿನಿಂದ ಬೆಂಕಿ ಉಗುಳಿದರೆ, "ಬೆಂಕಿಯೂ ಇದೆ ಎಂದು ಮೊದಲೇ ಹೇಳಬೇಕಿತ್ತು, ಅಪಾಯದ ಸರಕಿಗೆ ಬೇರೆ ಸಾಲು" ಎನ್ನುತ್ತಾನೆ. ಕೊನೆಗೆ ಡ್ರ್ಯಾಗನ್ ಅಳುತ್ತದೆ. ಪೆಟ್ಟಿಗೆಯಲ್ಲಿ ಇದ್ದದ್ದು ಅದರ ಮೊಟ್ಟೆ. ಎಲ್ಲರೂ ಅದನ್ನು ಕಂಡ ಕೂಡಲೇ ಕತ್ತಿ ಎತ್ತಿದ್ದರು, ಏನು ಹೊತ್ತು ತಂದಿದ್ದೀ ಎಂದು ಕೇಳಿದವನು ಅವನೊಬ್ಬನೇ. ಅದನ್ನು ಓದಿದ ದಿನ ನಾನು ಇಳಿಯುವ ಸ್ಟಾಪು ದಾಟಿ ಮುಂದೆ ಹೋಗಿದ್ದೆ.

ಈ ಕತೆಯ ಬಗ್ಗೆ ಮಾತಾಡಲು ನನಗೆ ಒಬ್ಬರು ಬೇಕಿತ್ತು. ಅದನ್ನು ಓದಿದ ಒಬ್ಬರೇ ಒಬ್ಬರು. ಇಡೀ ಮಂಗಳೂರಿನಲ್ಲಿ ಸಿಗಲಿಲ್ಲ. ಅಷ್ಟರಲ್ಲಿ ಕಾದಂಬರಿ ಮಾಂಗಾ ಆಯಿತು, ಅಂದರೆ ಜಪಾನಿನವರ ಚಿತ್ರಕತೆಯ ಪುಸ್ತಕ. ಆಮೇಲೆ ಅನಿಮೆಯೂ ಆಯಿತು, ಅಂದರೆ ಅವರ ಕಾರ್ಟೂನ್ ಧಾರಾವಾಹಿ. ಇನ್ನು ಇವುಗಳ ಬೆನ್ನಿಗೆ ಓದುಗರು ತಾವಾಗಿ ಬರುತ್ತಾರೆ ಎಂದು ನಾನು ನಂಬಿದೆ. ಹಾಗೆ ಬಂದವರ ಕತೆ ಇದು.

ಬಲದಿಂದ ಎಡಕ್ಕೆ

ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನ ಸಹೋದ್ಯೋಗಿ ಬ್ಯಾರಿ. ಅವರ ತಮ್ಮ ದುಬೈಯಿಂದ ಬಜಪೆ ಏರ್‌ಪೋರ್ಟಿಗೆ ಇಳಿಯುವಾಗ, ನಾನು ಬಾಯಿಬಿಟ್ಟು ಕೇಳಿದ್ದಕ್ಕೆ, ಮಾಂಗಾದ ಮೊದಲ ಸಂಪುಟ ತಂದುಕೊಟ್ಟರು. ಮಾಂಗಾವನ್ನು ಬಲದಿಂದ ಎಡಕ್ಕೆ ಓದಬೇಕು. ಮದರಸದಲ್ಲಿ ಹಾಗೆಯೇ ಓದಿ ಬೆಳೆದ ಸಹೋದ್ಯೋಗಿಗೆ ಅದೇನೂ ಕಷ್ಟವಾಗಲಿಲ್ಲ. ಊಟದ ಬಿಡುವಿನಲ್ಲಿ, ಒಂದು ಕೈಯಲ್ಲಿ ಪರೋಟ ಹಿಡಿದುಕೊಂಡೇ ಮುಗಿಸಿದರು.

"ಹೇಗುಂಟು?" ಎಂದು ಕೇಳಿದೆ.

"ಎಂತದು ಮಾರಾಯ್ತಿ, ಬೆಳಿಗ್ಗೆಯಿಂದ ಇದೇ ಡ್ಯೂಟಿ, ಊಟದ ಹೊತ್ತಿಗೂ ಇದೇ ಡ್ಯೂಟಿಯಾ?"

"ಆ ಮೊಟ್ಟೆ ನೋಡಿ ಬೇಜಾರಾಗಲಿಲ್ವಾ?"

"ಮೊಟ್ಟೆಯಾ? ಎಲ್ಲಿ? ನಾನು ಬಚ್ಚಂಗಾಯಿ ಅಂತ ಗ್ರಹಿಸಿದೆ."

ಪುಸ್ತಕ ಕಿತ್ತುಕೊಂಡು ನೋಡಿದೆ. ಅಷ್ಟು ದೊಡ್ಡ ಅಧ್ಯಾಯವನ್ನು ಮಾಂಗಾದವರು ಒಂದೇ ಚಿತ್ರದಲ್ಲಿ ಮುಗಿಸಿದ್ದರು. ಗುಮಾಸ್ತನ ಹಣೆಯಲ್ಲಿ ಒಂದು ಬೆವರ ಹನಿ, ಡ್ರ್ಯಾಗನ್ನಿನ ಬಾಯಿಯಲ್ಲಿ ಒಂದು ಕೂಗು, ಮೂಲೆಯಲ್ಲಿ ಗುಂಡಗಿನ ಏನೋ ಒಂದು. ಅದನ್ನು ಬಚ್ಚಂಗಾಯಿ, ಅಂದರೆ ಕಲ್ಲಂಗಡಿ, ಅಂದದ್ದರಲ್ಲಿ ಅವರ ತಪ್ಪೇನೂ ಇರಲಿಲ್ಲ.

ಅಷ್ಟರಲ್ಲಿ ನಮ್ಮ ಬಾಸ್ ಬಂದು, "ಎಂತ ಓದುವುದು ನೀವು, ಕೊಡಿ ನೋಡುವ" ಎಂದು ಪುಸ್ತಕ ಮನೆಗೆ ಒಯ್ದರು. ಮರುದಿನ ಮುಖ ಸಣ್ಣದು ಮಾಡಿಕೊಂಡು ಬಂದರು. "ಕತೆ ಒಳ್ಳೆದುಂಟು ಮಾರಾಯ್ತಿ. ಆದರೆ ಇಷ್ಟು ದುಃಖ ಆಗಬಾರದು. ಪಾಪ, ಅರಮನೆಯಲ್ಲಿ ರಾಜನಿಂದ ಸನ್ಮಾನ ಆದವ. ಕ್ರಮೇಣ ಕೆಳಗೆ ಇಳಿಸಿ ಗೇಟಿಗೆ ಹಾಕಿದರು. ಮತ್ತೆ ಆ ಕೆಲಸವೂ ಹೋಯ್ತು. ಮನುಷ್ಯ ಸಣ್ಣ ಮಗುವಿನ ಹಾಗೆ ಆದ. ಕೊನೆಗೆ ಎಂತದೂ ಗತಿ ಇಲ್ಲದೆ ನಮ್ಮ ಹಾಗೆ ಬಂದರಿನ ಆಫೀಸಿಗೆ ಸೇರಿದ, ಅಲ್ಲಿಂದ ಸೀದಾ ಲಾರಿಯಡಿಗೆ."

ಅವರು ಎಡದಿಂದ ಓದಿದ್ದರು. ನಾನು ತಿದ್ದಲು ಹೋಗಲಿಲ್ಲ. ಆ ಮಾಂಗಾದಿಂದ ಮನಸ್ಸು ಕರಗಿದವರು ಅವರೊಬ್ಬರೇ, ಅದನ್ನೂ ಯಾಕೆ ಕಳೆಯಲಿ. ಈಗ ನಮ್ಮ ಆಫೀಸಿನ ಬಾಗಿಲಲ್ಲಿ "ಲಾರಿ ನೋಡಿ ರಸ್ತೆ ದಾಟಿರಿ" ಎಂದು ಬೋರ್ಡ್ ಉಂಟು.

ಮುಗಿಸಿದವಳು

ಚಿಕ್ಕಮ್ಮನ ಮಗಳು ಒಂದು ದಿನ ಫೋನ್ ಮಾಡಿ, "ಅಕ್ಕಾ, ನಿನ್ನ ಆ ಗುಮಾಸ್ತನ ಕಾದಂಬರಿ ಮುಗಿಸಿದೆ" ಎಂದಳು. ನಾನು ಮಾಡುತ್ತಿದ್ದ ಕೆಲಸ ಬಿಟ್ಟು ಹೊರಗೆ ಓಡಿದೆ.

"ಡ್ರ್ಯಾಗನ್ ಅಳುವಾಗ ನಿನಗೆ ಎಂತ ಅನಿಸಿತು?"

"ಅಳುವುದಾ? ಅದನ್ನು ಅವ ಕಡಿದು ಹಾಕ್ತಾನಲ್ಲ ಅಕ್ಕ."

"ಯಾರು?"

"ಹೀರೊ. ಕತ್ತಿಯಲ್ಲಿ. ಮತ್ತೆ ಮೊಟ್ಟೆಯಿಂದ ಒಂದು ಹುಡುಗಿ ಬರ್ತಾಳೆ, ಬಾಲ ಎಲ್ಲ ಉಂಟು, ಭಾರೀ ಕ್ಯೂಟ್."

ಅವಳು ನೋಡಿದ್ದು ಅನಿಮೆ. ಆ ಸಂಜೆ ನಾನೂ ಕೂತು ನೋಡಿದೆ. ಪ್ರತಿ ಕಂತಿನಲ್ಲಿ ಮೊದಲು ಒಂದು ಹಾಡು, ಕೊನೆಗೆ ಒಂದು ಹಾಡು, ನಡುವೆ ಹೋದ ಕಂತಿನಲ್ಲಿ ಏನಾಯಿತು ಎಂಬುದು. ಉಳಿದ ಜಾಗದಲ್ಲಿ ನನ್ನ ಗುಮಾಸ್ತ ಕತ್ತಿ ಹಿಡಿದು ಗಾಳಿಯಲ್ಲಿ ತಿರುಗುತ್ತಿದ್ದ. ಒಂದು ಪ್ರಶ್ನೆ ಕೇಳಲೂ ಅವನಿಗೆ ಪುರುಸೊತ್ತಿಲ್ಲ. ಕಾದಂಬರಿಯಲ್ಲಿ ನಿಜವಾದ ಕತೆ ಎಲ್ಲಿ ಶುರುವಾಗುತ್ತದೋ, ಅಲ್ಲಿಗೆ ಸರಿಯಾಗಿ ಸೀಸನ್ ಮುಗಿಯಿತು.

ಅವಳಿಗೆ ಫೋನ್ ಮಾಡಿ, "ಮದುವೆಯ ಆಲ್ಬಮ್ ನೋಡಿ ಊಟ ಆಯ್ತು ಅಂತ ಹೇಳ್ತೀಯಾ ನೀನು?" ಎಂದು ಬೈದೆ.

"ಓದಲಿಕ್ಕೆ ಟೈಮ್ ಎಲ್ಲಿ ಉಂಟು ಅಕ್ಕ? ಅದನ್ನೂ ನಾನು ಸ್ಪೀಡ್ ಜಾಸ್ತಿ ಮಾಡಿಯೇ ನೋಡಿದ್ದು."

"ಹಾಗೆ ಉಳಿಸಿದ ಟೈಮಿನಲ್ಲಿ ಎಂತ ಮಾಡಿದೆ?"

"ಈ ಅನಿಮೆ ಕಾದಂಬರಿಗಿಂತ ಯಾಕೆ ಒಳ್ಳೆದು ಅಂತ ಒಂದು ವೀಡಿಯೊ ಉಂಟು. ಉದ್ದ ಉಂಟು, ಆದ್ರೂ ಪೂರ್ತಿ ನೋಡಿದೆ."

ಹುಡುಗ ನೋಡಲು ಬಂದ

ಅಮ್ಮ ಒಂದು ಸಂಬಂಧ ತಂದರು. "ಆ ಹುಡುಗನಿಗೂ ನಿನ್ನ ಹಾಗೆಯೇ ಜಪಾನಿನ ಹುಚ್ಚಂತೆ. ಇನ್ನು ಎಂತ ಬೇಕು ನಿನಗೆ?" ಎಂದರು. ಹಂಪನಕಟ್ಟೆಯ ಐಸ್‌ಕ್ರೀಮ್ ಪಾರ್ಲರಿನಲ್ಲಿ ಭೇಟಿಯಾದೆವು. ಹುಡುಗ ಲಕ್ಷಣವಾಗಿದ್ದ, ಬಿಲ್ಲು ತಾನೇ ಕೊಡುವೆನೆಂದು ಮೊದಲೇ ಹೇಳಿದ. ಮಾತಿಗೆ ಮಾತು ಬೆಳೆದು, "ಆ ಗೇಟಿನ ಗುಮಾಸ್ತನ ಕತೆ ಉಂಟಲ್ಲ, ಅದು ನನ್ನ ಫೇವರಿಟ್" ಎಂದ.

ಸುಳ್ಳು ಯಾಕೆ ಹೇಳಲಿ, ಆ ಗಳಿಗೆಯಲ್ಲಿ ನಾನು ಮನಸ್ಸಿನಲ್ಲೇ ಮದುವೆ ಹಾಲ್ ಬುಕ್ ಮಾಡಿಯಾಗಿತ್ತು. ಜೀವಮಾನವಿಡೀ ಊಟದ ಮೇಜಿನಲ್ಲಿ ಡ್ರ್ಯಾಗನ್ನಿನ ಅಧ್ಯಾಯದ ಬಗ್ಗೆ ಮಾತಾಡಬಹುದಲ್ಲ ಎಂದು ಎಣಿಸಿದೆ.

"ನಿಮಗೆ ಅದರಲ್ಲಿ ಎಂತ ಹೆಚ್ಚು ಇಷ್ಟ?" ಎಂದೆ.

"ಆ ಕತ್ತಿ ಹಿಡಿದು ಒಂದು ತಿರುಗ್ತಾನಲ್ಲ, ಅದು."

ನನ್ನ ಚಮಚ ಅಲ್ಲೇ ನಿಂತಿತು. "ನೀವು ಅದನ್ನು ಓದಿದ್ದೀರಾ?"

"ಓದಿದ್ದೇನೆ ಮತ್ತೆ. ಸಬ್‌ಟೈಟಲ್ ಒಂದನ್ನೂ ಬಿಟ್ಟಿಲ್ಲ."

ಮನೆಗೆ ಬಂದಾಗ ಅಮ್ಮ ಬಾಗಿಲಲ್ಲೇ ಕಾದಿದ್ದರು. ಹುಡುಗ ಹೇಗೆ ಎಂದು ಕೇಳಿದರು. ನನಗೆ ವಿವರಿಸುವ ತಾಳ್ಮೆ ಇರಲಿಲ್ಲ. "ಬರೀ ಕತ್ತಿ ವಿಷಯ ಮಾತಾಡ್ತಾನೆ, ನನಗೆ ಬೇಡ" ಎಂದು ಕೋಣೆಗೆ ಹೋದೆ. ಅಮ್ಮ ಗಾಬರಿಯಾಗಿ ದೊಡ್ಡಮ್ಮನಿಗೆ ಫೋನ್ ಮಾಡಿದರು. ದೊಡ್ಡಮ್ಮ ಯಾರು ಯಾರಿಗೆ ಮಾಡಿದರೋ ದೇವರಿಗೇ ಗೊತ್ತು. ಆ ವಾರವೇ ಸಂಬಂಧ ತಂದ ಬ್ರೋಕರು ಅಮ್ಮನಿಗೆ ಫೋನ್ ಮಾಡಿ ಮೆಲ್ಲ ಹೇಳಿದರು: "ಅಕ್ಕಾ, ನಾನು ಪೊಲೀಸ್ ಸ್ಟೇಷನ್ನಿನಲ್ಲಿ ಕೂಡ ವಿಚಾರಿಸಿದೆ. ಹುಡುಗನ ಮೇಲೆ ಒಂದು ಕೇಸೂ ಇಲ್ಲ."

ಬಾಗಿಲು ಕಾಯುವವರು

ಉಳಿದದ್ದು ಅಪ್ಪ. ಹೋಟೆಲ್ ನಡೆಸಿ ಈಗ ವಿಶ್ರಾಂತಿಯಲ್ಲಿರುವವರು. ಅವರ ಹುಚ್ಚು ತಾಳಮದ್ದಳೆ. ವೇಷವೂ ಕುಣಿತವೂ ಇಲ್ಲದ ಯಕ್ಷಗಾನ ಅದು. ಭಾಗವತರು ಪದ್ಯ ಹಾಡುತ್ತಾರೆ, ಸಾಲಾಗಿ ಕೂತವರು ಪಾತ್ರವಾಗಿ ಅದಕ್ಕೆ ಅರ್ಥ ಹೇಳುತ್ತಾರೆ. ಮಾತನ್ನು ಅಲ್ಲಿಯೇ, ತಮ್ಮ ತಲೆಯಿಂದ ಕಟ್ಟಬೇಕು.

ಒಂದು ದಿನ ಅಪ್ಪ ನನ್ನ ಪಕ್ಕ ಕೂತು ಆ ಅನಿಮೆ ನೋಡಿದರು. ಹಾಡು ಮುಗಿಯಿತು, ಕತ್ತಿ ತಿರುಗಿತು, ಡ್ರ್ಯಾಗನ್ ಬಿತ್ತು.

"ಪದ್ಯ ಆಯ್ತು. ಅರ್ಥ ಎಲ್ಲಿ?" ಎಂದು ಕೇಳಿದರು.

ಇಷ್ಟು ಸಮಯದಿಂದ ನಾನು ಹೇಳಲು ಒದ್ದಾಡಿದ್ದು ಇದನ್ನೇ. ಟಿವಿ ಆರಿಸಿ ಇಡೀ ಅಧ್ಯಾಯವನ್ನು ಅವರಿಗೆ ಬಾಯಿಯಲ್ಲಿ ಹೇಳಿದೆ. ಅಪ್ಪ ನಡುನಡುವೆ "ಹಾಂ, ಮತ್ತೆ?" ಎನ್ನುತ್ತಾ ಕೇಳಿದರು. ಮುಂದಿನದನ್ನು ನೀವೇ ಓದಿ ಅಂದರೆ, "ಆ ಇಂಗ್ಲಿಷ್ ಯಾರಿಗೆ ಬೇಕು? ನೀನೇ ಹೇಳು" ಎಂದರು. ಅಲ್ಲಿಗೆ ಅಪ್ಪನೂ ಓದುಗರಾಗಲಿಲ್ಲ.

ಭಾನುವಾರ ಮಧ್ಯಾಹ್ನ ಭಜನಾ ಮಂದಿರದಲ್ಲಿ ಅವರ ಸಂಘದ ತಾಳಮದ್ದಳೆ. ಸಂಘದ ಅಧ್ಯಕ್ಷರು ನಿವೃತ್ತ ಬ್ಯಾಂಕ್ ಮ್ಯಾನೇಜರ್, ದೊಡ್ಡ ಗಂಟಲು, ಯಾವಾಗಲೂ ಅವರೇ ರಾಜ. ಅಪ್ಪನಿಗೆ ಯಾವಾಗಲೂ ದ್ವಾರಪಾಲಕ. ಅಂದಿನ ಕತೆಯಲ್ಲಿ ರಾಜ ಶತ್ರುವಿನ ಅರಮನೆಗೆ ಯುದ್ಧ ಸಾರಲು ಬರುತ್ತಾನೆ, ದ್ವಾರಪಾಲಕ "ಅಪ್ಪಣೆ" ಎಂದು ದಾರಿ ಬಿಡುತ್ತಾನೆ. ಅಪ್ಪನ ಕೆಲಸ ಅಷ್ಟೇ.

"ಎಲವೋ ದ್ವಾರಪಾಲಕ, ದಾರಿ ಬಿಡು" ಎಂದರು ಅಧ್ಯಕ್ಷರು.

"ಬಿಡುವೆ ಮಹಾರಾಜ. ಕೈಯಲ್ಲಿರುವುದು ಏನು?" ಎಂದರು ಅಪ್ಪ.

ಅಧ್ಯಕ್ಷರು ಒಮ್ಮೆ ಭಾಗವತರ ಮುಖ ನೋಡಿದರು. "ಖಡ್ಗ."

"ಸ್ವಂತ ಬಳಕೆಗೋ, ಇಲ್ಲಿ ಬಿಟ್ಟು ಹೋಗುವುದಕ್ಕೋ?"

"ಮೂಢ, ಇದನ್ನು ನಿನ್ನ ಅರಸನ ಎದೆಯಲ್ಲಿ ಬಿಟ್ಟು ಹೋಗುವೆ."

"ಹಾಗಾದರೆ ಅದು ಆಮದು ಆಯಿತು."

ಸಭೆ ನಗಲು ಶುರು ಮಾಡಿತು. ಅಧ್ಯಕ್ಷರ ಧ್ವನಿ ಏರಿತು. "ನನ್ನ ಕೋಪಾಗ್ನಿಯಲ್ಲಿ ನೀನು ಸುಟ್ಟು ಬೂದಿಯಾಗುವೆ."

"ಅಗ್ನಿಯೂ ಉಂಟೋ? ಮೊದಲೇ ಹೇಳಬಾರದೇ ಮಹಾರಾಜ. ಅಪಾಯದ ಸರಕಿಗೆ ಆಚೆ ಬಾಗಿಲು."

ಭಾಗವತರು ಮುಂದಿನ ಪದ್ಯ ಎತ್ತಿಕೊಳ್ಳಲು ನೋಡಿದರು, ನಗು ತಡೆಯದೆ ಜಾಗಟೆಯನ್ನು ಮುಖಕ್ಕೆ ಅಡ್ಡ ಹಿಡಿದರು. ಅಪ್ಪ ಬಿಡಲಿಲ್ಲ, ಕೇಳುತ್ತಲೇ ಹೋದರು. ಕೊನೆಗೆ ಧ್ವನಿ ತಗ್ಗಿಸಿ, "ಮಹಾರಾಜ, ಬಂದಲ್ಲೆಲ್ಲ ಎಲ್ಲರೂ ನಿಮ್ಮ ಖಡ್ಗವನ್ನೇ ನೋಡಿದರು. ಎದೆಯಲ್ಲಿ ಏನು ಹೊತ್ತು ತಂದಿರಿ ಎಂದು ಯಾರೂ ಕೇಳಲಿಲ್ಲವೋ?" ಎಂದರು. ಸಭೆಯ ನಗು ನಿಂತಿತು. ಅಧ್ಯಕ್ಷರು ಹೆಗಲಿನ ಶಾಲು ಸರಿಮಾಡಿಕೊಂಡರು. ನನ್ನ ಕಣ್ಣಲ್ಲಿ ನೀರು ಬಂತು. ಸ್ಟುಡಿಯೊ, ಹಾಡು, ಬಣ್ಣ ಎಲ್ಲ ಇಟ್ಟುಕೊಂಡು ಅನಿಮೆಯವರಿಂದ ಆಗದ್ದನ್ನು ನನ್ನ ಅಪ್ಪ ಬರೀ ಬಾಯಿಯಲ್ಲಿ, ಶಕ್ತಿನಗರದಲ್ಲಿ ಕೂತು ಮಾಡಿದ್ದರು.

ಅಷ್ಟರಲ್ಲಿ ಸಂಜೆಯ ಭಜನೆಯವರು ಬಂದು ಹಾಲ್ ಬಿಡಿ ಎಂದರು. ಯುದ್ಧ ಆಗಲೇ ಇಲ್ಲ.

ಅಧ್ಯಕ್ಷರು ಸೀದಾ ಅಪ್ಪನ ಹತ್ತಿರ ಬಂದರು. "ಇದು ಯಾವ ಪ್ರಸಂಗದಲ್ಲಿ ಉಂಟು ಮಾರಾಯ್ರೇ?"

"ಮೂಲದಲ್ಲಿ ಉಂಟು."

"ಯಾವ ಮೂಲ?"

ಅಪ್ಪ ನನ್ನನ್ನು ತೋರಿಸಿದರು. ನಾನು ಜಪಾನಿನ ಕಾದಂಬರಿಯ, ಆ ಡ್ರ್ಯಾಗನ್ನಿನ ವಿಷಯ ಹೇಳಿದೆ. ಅಧ್ಯಕ್ಷರು, "ಅದರಲ್ಲಿ ಆ ಕೊನೆಯ ಪ್ರಶ್ನೆಗೆ ಉತ್ತರ ಎಂತ ಕೊಡ್ತದೆ ಆ ಪ್ರಾಣಿ?" ಎಂದರು.

"ಅದು ಟಿವಿಯಲ್ಲಿ ಇಲ್ಲ ಸರ್. ಓದಬೇಕು."

ಅವರು ಮೊಬೈಲ್ ನನ್ನ ಕೈಗೆ ಕೊಟ್ಟರು. "ಹಾಕಿ ಕೊಡು. ಬರುವ ತಿಂಗಳು ನಿನ್ನ ಅಪ್ಪ ಪುನಃ ಬಾಗಿಲಲ್ಲಿ ಕೂತುಕೊಳ್ತಾರೆ."

ಅಂತೂ ನನಗೆ ಒಬ್ಬರು ಓದುಗರು ಸಿಕ್ಕಿದರು. ಅಪ್ಪನನ್ನು ಮಾತಿನಲ್ಲಿ ಸೋಲಿಸಬೇಕೆಂದು ಓದಲು ಶುರು ಮಾಡಿದ ಅಧ್ಯಕ್ಷರು ಈಗ ನಾನು ಬಸ್ಸು ಹತ್ತುವ ಹೊತ್ತಿಗೆ ಸರಿಯಾಗಿ ಫೋನ್ ಮಾಡುತ್ತಾರೆ. ಮೊಟ್ಟೆಯ ಅಧ್ಯಾಯ ಓದಿದ ದಿನ, "ವಾಕಿಂಗಿನಲ್ಲಿ ಓದಬಾರದಿತ್ತು, ಎಲ್ಲರೂ ಎಂತ ಆಯ್ತು ಅಂತ ಕೇಳಿದರು" ಎಂದರು. ಪಣಂಬೂರಿನವರೆಗೂ ಮಾತಾಡುತ್ತೇವೆ. ಇಷ್ಟು ಸುಖ ನನಗೆ ಯಾವ ಸಂಬಂಧದಿಂದಲೂ ಸಿಗುತ್ತಿರಲಿಲ್ಲ.

ಆಮೇಲೆ ಅವರು ಅನಿಮೆಯನ್ನೂ ನೋಡಿದರು. ನಾನು ಬೇಡ ಎಂದಿದ್ದೆ. ಮರುದಿನ ಫೋನಿನಲ್ಲಿ ಅವರ ಕೂಗಾಟ ಅಕ್ಕಪಕ್ಕದ ಸೀಟಿನವರಿಗೂ ಕೇಳಿಸಿತು. ಸಂಜೆ ಮನೆಗೇ ಬಂದರು, ಕೈಯಲ್ಲಿ ಒಂದು ದೂರುಪತ್ರ. ಸಂಘದ ಲೆಟರ್‌ಹೆಡ್ಡಿನಲ್ಲಿ, ಬ್ಯಾಂಕಿನ ಇಂಗ್ಲಿಷಿನಲ್ಲಿ, ಜಪಾನಿನ ಆ ಸ್ಟುಡಿಯೊದವರಿಗೆ. ಸದರಿ ಗುಮಾಸ್ತನ ಕೈಯಿಂದ ಸದರಿ ಕತ್ತಿಯನ್ನು ತಕ್ಷಣ ತೆಗೆಯತಕ್ಕದ್ದು, ತಪ್ಪಿದಲ್ಲಿ ಶಕ್ತಿನಗರದ ಕಲಾಭಿಮಾನಿಗಳು ಮುಂದಿನ ಕ್ರಮ ಕೈಗೊಳ್ಳುವರು ಎಂದಿತ್ತು. ಅಧ್ಯಕ್ಷರ ಸಹಿ, ಸಂಘದ ಸೀಲು ಎರಡೂ ಬಿದ್ದಿದ್ದವು. ಸಾಕ್ಷಿಯಾಗಿ ಅಪ್ಪನೂ ಆಗಲೇ ಸಹಿ ಹಾಕಿಯಾಗಿತ್ತು. ಹೆಸರಿನ ಕೆಳಗೆ ಹುದ್ದೆ ಎಂದಿರುವಲ್ಲಿ ದ್ವಾರಪಾಲಕ ಎಂದು ಬರೆದಿದ್ದರು.