ಏಳನೆಯ ಕೊಳವೆಯ ರಕ್ತ

ರೋಗನಿರೋಧಕ ಶಕ್ತಿಯ ಗುಟ್ಟು ಹುಡುಕುತ್ತ ಇಪ್ಪತ್ತೆರಡು ವರ್ಷ ಬೇರೆಯವರ ರಕ್ತದೊಳಗೆ ಇಣುಕಿದ ಡಾಕ್ಟರಿಗೆ, ತಮ್ಮ ರಕ್ತ ಕೊಡಬೇಕೆಂದರೆ ಮಾತ್ರ ಎಲ್ಲಿಲ್ಲದ ಭಯ. ಹೋಲಿಸಿ ನೋಡಲು ಆರೋಗ್ಯವಂತರ ರಕ್ತ ಬೇಕಾದಾಗ ಪ್ರಯೋಗಾಲಯದವರೇ ಸರದಿಯಂತೆ ಕೊಡಬೇಕೆಂಬುದು ಅಲ್ಲಿನ ನಿಯಮ. ಹೋದ ತಿಂಗಳು ಇವರ ಸರದಿ ಬಂತು. ಸೂಜಿ ಕಂಡದ್ದಷ್ಟೇ ನೆನಪು. ಎಚ್ಚರವಾದಾಗ ತೋಳಿಗೆ ಹತ್ತಿ, ಹಣೆಗೆ ಬುಗುಟು. ರಕ್ತ ತೆಗೆಯುವ ಮೊದಲೇ ಬಿದ್ದೆನೆಂದುಕೊಂಡು, ಮತ್ತೆ ಆ ಕೋಣೆಗೆ ಕಾಲಿಡುವ ಧೈರ್ಯವಾಗದೆ ಗೇಟಿನ ಕಾವಲುಗಾರನ ಕೈ ಹಿಡಿದರು.

"ನನ್ನ ಬದಲು ನೀನು ಕೊಟ್ಟುಬಿಡಪ್ಪ. ಯಾರಿಗೂ ಹೇಳ್ಬೇಡ."

ಅವನು ತಂದುಕೊಟ್ಟ ಕೊಳವೆಗೆ ತಮ್ಮ ಹೆಸರು ಅಂಟಿಸಿ, ಏಳನೆಯದಾಗಿ ಇಟ್ಟು, ಗಂಡಾಂತರ ಕಳೆಯಿತೆಂದುಕೊಂಡರು.

ಇವತ್ತು ಬೆಳಿಗ್ಗೆ ಆ ಏಳನೆಯದೇ ಕುತ್ತಿಗೆಗೆ ಬಂತು.

"ಡಾಕ್ಟ್ರೇ, ನಿಮ್ಮ ರಕ್ತ ಬಂಗಾರ," ಎಂದರು ಪ್ರಯೋಗಾಲಯದ ನಿರ್ದೇಶಕಿ. ಚಿಕಿತ್ಸೆಗೆಂದು ರೋಗಿಯ ಮೈಗೆ ಒಳ್ಳೆಯ ಜೀನ್ ಹೊತ್ತೊಯ್ಯುವ ವೈರಸ್ಸನ್ನು ಉಳಿದವರ ರಕ್ತವೆಲ್ಲ ಕಳ್ಳನೆಂದು ಅಟ್ಟಾಡಿಸಿತ್ತು. ಏಳನೆಯದು ಮಾತ್ರ ನೆಂಟನೆಂದು ಒಳಗೆ ಬಿಟ್ಟುಕೊಂಡಿತ್ತು. "ಇದರ ಗುಟ್ಟು ಸಿಕ್ಕಿದ್ರೆ ಎಷ್ಟೋ ಮಕ್ಕಳು ಬದುಕ್ತಾರೆ. ವರದಿಯಲ್ಲಿ ನಿಮ್ಮದೇ ಮೊದಲ ಹೆಸರು. ತೋಳೇರಿಸಿ, ಇನ್ನಷ್ಟು ರಕ್ತ ಬೇಕು."

ಸಹೋದ್ಯೋಗಿಗಳು ಸುತ್ತ ನೆರೆದರು.

"ಸ್ವಲ್ಪ ಜ್ವರ ಇದ್ದ ಹಾಗಿದೆ," ಎಂದರು ಡಾಕ್ಟರು. ಒಬ್ಬಳು ಥರ್ಮಾಮೀಟರ್ ಇಟ್ಟು ನೋಡಿ, "ಏನೂ ಇಲ್ಲ ಸಾರ್," ಎಂದಳು.

"ಬೆಳಿಗ್ಗೆಯಿಂದ ಏನೂ ತಿಂದಿಲ್ಲ." ಇನ್ನೊಬ್ಬ ತನ್ನ ಊಟದ ಡಬ್ಬಿಯನ್ನೇ ಬಿಚ್ಚಿ ಮುಂದಿಟ್ಟ. ಎಲ್ಲರೂ ನೋಡುತ್ತಿದ್ದಂತೆ ಡಾಕ್ಟರು ಅದನ್ನು ಕೊನೆಯ ತುತ್ತಿನವರೆಗೂ ತಿನ್ನಬೇಕಾಯಿತು.

ಆದರೆ ಮಕ್ಕಳ ಮಾತು ಬಂದಮೇಲೆ ಸುಳ್ಳು ಮುಂದುವರಿಸಲು ಮನಸ್ಸು ಒಪ್ಪಲಿಲ್ಲ. ನಾಚಿಕೆಯಿಂದ ನೆಲ ನೋಡುತ್ತ, "ಅದು ನನ್ನ ರಕ್ತ ಅಲ್ಲ ಮೇಡಂ. ಗೇಟಿನವನದು. ನಂಗೆ ಸೂಜಿ ಅಂದ್ರೆ ಭಯ," ಎಂದರು. ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು.

ನಿರ್ದೇಶಕಿ ವರದಿಯ ಮೊದಲ ಹಾಳೆಯಲ್ಲಿ ಅವರ ಹೆಸರು ಹೊಡೆದುಹಾಕಿ, ಕಾವಲುಗಾರನಿಗೂ ರಕ್ತ ತೆಗೆಯುವ ನರ್ಸಿಗೂ ಹೇಳಿಕಳಿಸಿದರು.

ಕಾವಲುಗಾರ ಟೋಪಿ ಹಿಸುಕುತ್ತ ಬಾಗಿಲಲ್ಲೇ ನಿಂತ. "ತಪ್ಪಾಯ್ತು ಸಾರ್. ಸೂಜಿ ಕಂಡ್ರೆ ನಂಗೂ ಜೀವ ಹೋಗುತ್ತೆ. ಹೇಳೋಕೆ ನಾಚಿಕೆ ಆಯ್ತು. ಅವತ್ತು ನೀವು ಬೀಳೋ ಹೊತ್ತಿಗೆ ನರ್ಸಕ್ಕ ರಕ್ತ ತೆಗೆದಾಗಿತ್ತಂತೆ. ಅದನ್ನೇ ಇಸ್ಕೊಂಡು ಬಂದು ಕೊಟ್ಟೆ."

ಡಾಕ್ಟರ ಮುಖ ಅರಳಿತು. "ಹಾಗಾದ್ರೆ ಅದು ನನ್ನದೇ ರಕ್ತ ಮೇಡಂ. ಮೋಸ ಆಗೇ ಇಲ್ಲ."

"ಮಾಡೋಕೆ ಹೊರಟಿದ್ರಲ್ಲ," ಎಂದು ನಿರ್ದೇಶಕಿ ಪೆನ್ನಿಗೆ ಮುಚ್ಚಳ ಹಾಕಿದರು. "ಹೆಸರು ಹೋಯ್ತು. ರಕ್ತ ಮಾತ್ರ ಪ್ರತಿ ಸೋಮವಾರ ಬೇಕು."

ಅಷ್ಟರಲ್ಲಿ ನರ್ಸು ತಟ್ಟೆ ಹಿಡಿದು ಬಂದಳು. "ಈ ಸಲ ಮೊದಲೇ ಮಲಗಿಬಿಡಿ ಸಾರ್. ಎತ್ತೋ ಕೆಲಸ ತಪ್ಪುತ್ತೆ."

ಡಾಕ್ಟರು ತೋಳೇರಿಸಿ, ಗೋಡೆಯ ಕಡೆ ಮುಖ ಮಾಡಿ ಮಲಗಿದರು.